ಜುಂಜಮ್ಮನ ನವೆ

ನವೆ ಇದ್ದದ್ದು ತೊಡೆಸಂದಿಯ ಒಳಗೆ. ಆದ್ದರಿಂದ ಹಟ್ಟಿಯಲ್ಲಿ ಅದಕ್ಕೆ ಹೆಸರಿರಲಿಲ್ಲ.

ಕಾಲಿಗೆ ಮುಳ್ಳು ಚುಚ್ಚಿದ್ದರೆ ಜುಂಜಮ್ಮ ಗಂಡನ ಮುಂದೆ ಕಾಲು ಚಾಚಿ ಕೂರಬಹುದಿತ್ತು. ಹಲ್ಲು ನೋವಾಗಿದ್ದರೆ ಹಟ್ಟಿಗೆಲ್ಲ ಕೇಳುವಂತೆ ನರಳಬಹುದಿತ್ತು. ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಕೈ ಮಾಡಿ ತೋರುವಂತಿಲ್ಲ. ಶೇಂಗಾ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವಾಗ ಬೆವರು ಬೆನ್ನಿನಿಂದ ಇಳಿದಿಳಿದು ಅಲ್ಲಿಗೆ ಸೇರುತ್ತಿತ್ತು. ಸೇರಿದ ಕೂಡಲೇ ಕೆಂಡ ಇಟ್ಟ ಹಾಗೆ ಉರಿ. ಸಾಲು ಮುಗಿದ ಮೇಲೆ ಜಾಲಿ ಗಿಡದ ಮರೆಗೆ ಹೋಗಿ ಸೀರೆಯ ಮೇಲಿಂದಲೇ ಕೆರೆದುಕೊಂಡು ಬರುತ್ತಿದ್ದಳು. ಕೆರೆಯುವಾಗ ಹಾಯೆನಿಸುತ್ತಿತ್ತು. ಆಮೇಲೆ ಜಾಸ್ತಿ ಉರಿಯುತ್ತಿತ್ತು. ಉಚ್ಚೆ ಹೊಯ್ಯಲು ಕೂತರೆ ಹಲ್ಲು ಕಚ್ಚಿ ಹಿಡಿಯಬೇಕು. ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಗಟ್ಟಿಯಾಗಿ ಹೋಗುತ್ತಿತ್ತು. ಚರ್ಮ ಕೆಂಪಾಗಿ ಬಾತು, ನಡೆಯುವಾಗ ತೊಡೆಗೆ ತೊಡೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಷ್ಟರ ಮೇಲೂ ರೊಪ್ಪ ಗುಡಿಸಬೇಕು, ಕುರಿಗೊಬ್ಬರದ ಪುಟ್ಟಿ ಹೊರಬೇಕು, ಬಾವಿಯಿಂದ ಕೊಡ ತರಬೇಕು.

ಜವನಗೊಂಡನಹಳ್ಳಿಯ ಟಾರು ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಗೊಲ್ಲರ ಹಟ್ಟಿ ಅದು. ಸುತ್ತ ಕಾರೆ ಮುಳ್ಳಿನ ಬೇಲಿ. ಬೇಲಿಯ ಒಳಗೆ ಮನೆಗಳು, ಕುರಿಗಳ ರೊಪ್ಪ, ದೇವರ ಗುಡಿ. ಬೇಲಿಯ ಹೊರಗೆ, ಹಳ್ಳದ ಕಡೆ, ಮುಟ್ಟಾದವರ ಗುಡ್ಲು. ಕುರಿಗೆ ಒಳಗೆ ಜಾಗವಿತ್ತು, ನಾಯಿಗೂ ಇತ್ತು. ಮುಟ್ಟಾದ ಹೆಂಗಸಿಗೆ ಇರಲಿಲ್ಲ. ತೆಂಗಿನ ಗರಿ ಹೊದಿಸಿದ ಆ ಗುಡ್ಲಿಗೆ ಮಂಡಿಯೂರಿ ನುಗ್ಗಬೇಕು. ಒಳಗೆ ಕಾಲು ಚಾಚಿದರೆ ತಲೆ ಹೊರಗೆ, ತಲೆ ಒಳಗಿಟ್ಟರೆ ಕಾಲು ಹೊರಗೆ. ಹಳ್ಳದ ಪಸೆಗೆ ನೆಲ ಸದಾ ಜಿನುಗುತ್ತಿತ್ತು. ಮುಟ್ಟಿನ ಬಟ್ಟೆಯನ್ನು ಹಳ್ಳದ ರಾಡಿನೀರಲ್ಲೇ ಒಗೆಯಬೇಕು. ಒಗೆದದ್ದನ್ನು ಗಂಡಸಿನ ಕಣ್ಣು ಬೀಳುವ ಕಡೆ ಹರವುವಂತಿಲ್ಲ. ಬಿಸಿಲೆಲ್ಲ ಗಂಡಸರ ಕಣ್ಣು ಬೀಳುವ ಕಡೆಯೇ ಇತ್ತು. ಹಾಗಾಗಿ ಬಟ್ಟೆಯನ್ನು ಗರಿಯ ಸಂದಿಗೆ ತುರುಕಿ, ಅರ್ಧ ಒಣಗಿದ್ದನ್ನು, ಕಮಟು ವಾಸನೆ ಹಿಡಿದದ್ದನ್ನು ಮತ್ತೆ ಕಟ್ಟಿಕೊಳ್ಳುವುದು. ಜುಂಜಮ್ಮನ ಅತ್ತೆ ಹಾಗೆ ಮಾಡಿದ್ದಳು. ಅತ್ತೆಯ ಅತ್ತೆಯೂ ಹಾಗೇ ಮಾಡಿದ್ದಳು.

ಸೊಸೆ ಕಾಲಗಲಿಸಿ ನಡೆಯುವುದನ್ನು ಮೊದಲು ಕಂಡವಳು ಅತ್ತೆ ಹುಚ್ಚಕ್ಕ. ಏನೂ ಕೇಳಲಿಲ್ಲ. ಉಪ್ಪು, ಪಟಿಕ ಹಾಕಿ ಕಾಯಿಸಿದ ನೀರನ್ನು ಬಚ್ಚಲಿಗೆ ತಂದಿಟ್ಟು, ತೊಳಕೋ ಎಂದು ಹೊರಟುಹೋದಳು. ಜುಂಜಮ್ಮ ತೊಳೆದುಕೊಂಡಳು. ಬಚ್ಚಲ ಕಲ್ಲಿನ ಮೇಲೆ ಹೊರಳಾಡುವಷ್ಟು ಉರಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ತಡೆದಳು.

ಅದರಿಂದ ವಾಸಿಯಾಗದಿದ್ದಾಗ ಹುಚ್ಚಕ್ಕ ದೇವರ ಪೂಜಾರಿ ಪಾಲಣ್ಣನಲ್ಲಿಗೆ ಹೋದಳು. ಸೊಸೆಗೆ ಹೊಟ್ಟೆನೋವು ಎಂದಳು. ಪಾಲಣ್ಣನಿಗೆ ಅರ್ಥವಾಯಿತು. ಅರ್ಥವಾಗಿದ್ದರಿಂದಲೇ ಮುಖ ಆಚೆ ತಿರುಗಿಸಿದ. ಮೈಲಿಗೆಯಲ್ಲಿ ಗುಡಿಯ ಮುಂದೆ ಹಾದುಹೋಗಿದ್ದಾಳೆ, ದೇವರಿಗೆ ಮುನಿಸು ಬಂದಿದೆ ಎಂದ. ಭಂಡಾರ ಕೊಟ್ಟು ನೋವಿದ್ದ ಕಡೆ ಹಚ್ಚಿಕೊಳ್ಳಲಿ ಎಂದ. ಎಲ್ಲಿ ನೋವು ಎಂದು ಕೇಳಿದರೆ ಅವನ ನಾಲಿಗೆ ಮೈಲಿಗೆಯಾಗುತ್ತಿತ್ತು. ದೇವರ ಅರಿಶಿನವನ್ನು ಅಲ್ಲಿ ಹಚ್ಚಬಹುದು, ಅದಕ್ಕೇನೂ ತೊಂದರೆಯಿಲ್ಲ. ಅಲ್ಲಿಯ ಮಾತನ್ನು ಮಾತ್ರ ಆಡಬಾರದು. ಜುಂಜಮ್ಮ ಹಚ್ಚಿಕೊಂಡಳು. ಹಳದಿ ಬಣ್ಣ ಬಂತು, ನವೆ ಹೋಗಲಿಲ್ಲ.

ಗಂಡ ಚಿತ್ತಪ್ಪ ಕೆಟ್ಟವನೇನಲ್ಲ. ಅವನಿಗೆ ಕುರಿಯ ಮೈಯ ಎಲ್ಲ ರೋಗವೂ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಒಂದು ಕುರಿಯ ಹಿಂಭಾಗದಲ್ಲಿ ಹುಳು ಬಿದ್ದಾಗ ಅದನ್ನು ಹೆಗಲ ಮೇಲೆ ಹೊತ್ತು ಹಿರಿಯೂರಿನ ದನದ ಡಾಕ್ಟರಲ್ಲಿಗೆ ನಡೆದಿದ್ದ. ದಿನವೂ ಅದರ ಬಾಲ ಎತ್ತಿ ನೋಡಿ ಮುಲಾಮು ಹಚ್ಚುತ್ತಿದ್ದ. ಜುಂಜಮ್ಮ ತನ್ನ ಸಂಕಟ ಹೇಳಿಕೊಂಡಾಗ ನೆಲ ನೋಡಿದ. ಹೆಂಗಸರಿಗೆ ಇದ್ದದ್ದೇ ಅಲ್ಲವಾ ಎಂದ. ಅವನು ಹತ್ತಿರ ಬಂದಾಗ ಅವಳು ಬೇಡವೆಂದಳು. ಅಷ್ಟಕ್ಕೇ ಮುನಿದು ರೊಪ್ಪದಲ್ಲಿ ಕುರಿಗಳ ಜೊತೆ ಮಲಗತೊಡಗಿದ. ತಾನು ಕುರಿಯಾಗಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗುತ್ತಿತ್ತು ಎಂದು ಜುಂಜಮ್ಮನಿಗೆ ಅನಿಸಿದ್ದು ಆಗಲೇ.

ಸಂತೆಗೆ ಹೋಗುತ್ತೇನೆಂದು ಹೇಳಿ ಅವಳೊಬ್ಬಳೇ ಬಸ್ಸು ಹತ್ತಿದಳು. ಹಿರಿಯೂರಿನಲ್ಲಿ ಶಿವಕುಮಾರಪ್ಪ ಎಂಬ ಡಾಕ್ಟರರ ಷಾಪು ಹೆಸರುವಾಸಿಯಾಗಿತ್ತು. ತುರ್ತು ಪರಿಸ್ಥಿತಿಯ ಕಾಲ. ಷಾಪಿನ ಗೋಡೆಯ ಮೇಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಬೆಂಚಿನ ತುಂಬ ಗಂಡಸರು, ಹೆಂಗಸರು, ಕೆಮ್ಮುವ ಮಕ್ಕಳು. ಡಾಕ್ಟರರ ಮೇಜಿಗೂ ಬೆಂಚಿಗೂ ನಡುವೆ ಒಂದು ಪರದೆಯೂ ಇರಲಿಲ್ಲ.

ಜುಂಜಮ್ಮ ಸ್ಟೂಲಿನ ಮೇಲೆ ಕೂತು, ಕೆಳಗೆ ನವೆ ಎಂದು ಮೆಲ್ಲಗೆ ಹೇಳಿದಳು.

"ಗಟ್ಟಿಯಾಗಿ ಹೇಳು. ಎಲ್ಲಿ ಕೆಳಗೆ?"

ಬೆಂಚಿನವರೆಲ್ಲ ಇತ್ತ ತಿರುಗಿದರು. ಅವಳು ತಲೆ ತಗ್ಗಿಸಿದಳು. ಡಾಕ್ಟರ್ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಯಾವೂರು ಎಂದು ಕೇಳಿದರು. ಹೇಳಿದಳು. ಗೊಲ್ಲರ ಹಟ್ಟಿಯವಳೋ, ಹಾಗಾದರೆ ಸರಿ ಎಂದರು. ನೀವೆಲ್ಲ ಸ್ನಾನ ಮಾಡುವುದುಂಟೋ ಎಂದರು. ಗಂಡ ಏನು ಮಾಡುತ್ತಾನೆಂದು ಕೇಳಿದರು. ಕುರಿ ಕಾಯುತ್ತಾನೆ ಎಂದಳು.

"ಕುರಿ ಹೊಡ್ಕೊಂಡು ತಿಂಗಳುಗಟ್ಟಲೆ ಹೋಗ್ತಾನಲ್ಲ. ಅವನಿಲ್ಲದಾಗ ಯಾರು ಬರ್ತಾರೆ ನಿನ್ನ ಹತ್ರ?"

ಬೆಂಚಿನ ಮೇಲೆ ಯಾರೋ ನಕ್ಕರು. ಒಬ್ಬ ನಕ್ಕಿದ್ದಕ್ಕೆ ಇನ್ನೊಬ್ಬ ನಕ್ಕ. ಜುಂಜಮ್ಮನ ಕಿವಿ ಕಾದುಹೋಯಿತು. ಡಾಕ್ಟರ್ ಅವಳ ಕೈ ಹಿಡಿದು ನಾಡಿ ಸಹ ನೋಡಲಿಲ್ಲ. ನೋಡದೆಯೇ ಇದು ಕೊಳಕು ರೋಗ ಎಂದು ತೀರ್ಮಾನ ಕೊಟ್ಟರು. ಗಂಡನನ್ನು ಕರೆದುಕೊಂಡು ಬಾ, ಮುಂದಿನ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೋ, ಎಲ್ಲ ಸರಿಹೋಗುತ್ತದೆ ಎಂದರು. ತೊಡೆಯ ನವೆಗೂ ಮಕ್ಕಳಾಗದ ಆಪರೇಷನ್ನಿಗೂ ಏನು ಸಂಬಂಧವೆಂದು ಆ ಮಹಾಶಯರನ್ನು ಕೇಳುವವರು ಯಾರು? ಅವರ ಗೋಡೆಯ ಮೇಲಿದ್ದ ತ್ರಿಕೋನಕ್ಕೆ ಹೆಂಗಸರು ಬೇಕಾಗಿದ್ದರು. ನವೆ ಇದ್ದ ಹೆಂಗಸಾದರೂ ನಡೆಯುತ್ತಿತ್ತು. ಜುಂಜಮ್ಮ ಎದ್ದ ಮೇಲೆ ಸ್ಟೂಲನ್ನು ಫಿನಾಯಿಲು ಹಾಕಿ ಒರೆಸಲು ಕಾಂಪೌಂಡರನಿಗೆ ಹೇಳಿದ್ದು ಅವಳಿಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ರಸ್ತೆಗೆ ಬಂದು ಹುಣಸೆ ಮರದ ಕೆಳಗೆ ನಿಂತಳು. ಅಳು ಬರಲಿಲ್ಲ. ನವೆ ಮಾತ್ರ ಬಂತು. ನಡುರಸ್ತೆಯಲ್ಲಿ ಕೆರೆದುಕೊಳ್ಳುವಂತೆಯೂ ಇಲ್ಲ. ಆಗ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಕೆಮ್ಮುವ ಕೂಸು, ಕೈಯಲ್ಲಿ ಔಷಧಿ ಸೀಸೆ. ಬೆಂಚಿನ ಮೇಲೆ ಕೂತಿದ್ದವಳೇ.

"ಅಕ್ಕ, ನಿಂತ್ಕ. ನಂಗೂ ಆಗಿತ್ತು ಇದು."

ಹೆಸರು ತಾಹೇರಾ. ಗಂಡ ದಿಲಾವರ್ ಪೇಟೆ ಬೀದಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಎರಡನೆಯ ಬಸುರಿನಲ್ಲಿ ಅವಳಿಗೂ ಇದೇ ನವೆ, ಇದೇ ಉರಿ. ಇದೇ ಡಾಕ್ಟರಲ್ಲಿಗೆ ಬಂದಿದ್ದಳು.

"ನಿನ್ನೂ ಕೇಳಿದ್ನಾ ಬೂಬಮ್ಮ, ಯಾರು ಬರ್ತಾರೆ ಅಂತ?"

"ನಂಗೆ ಬೇರೆ ಕೇಳಿದ. ನಿನ್ ಗಂಡಂಗೆ ಎಷ್ಟು ಜನ ಹೆಂಡ್ರು ಅಂತ. ಇರಾ ಒಬ್ಳನ್ನೇ ಸಾಕಕ್ಕಾಗ್ದೆ ಒದ್ದಾಡ್ತಾವ್ನೆ ಆ ಬಡಪಾಯಿ."

ಜುಂಜಮ್ಮನಿಗೆ ನಗು ಬಂತು. ಇಬ್ಬರೂ ಮರದ ಕೆಳಗೆ ನಿಂತು ಆ ಡಾಕ್ಟರರ ಕರವಸ್ತ್ರವನ್ನು ನೆನೆದು ನಕ್ಕರು. ತನ್ನ ಹೆಂಡತಿಗೆ ನವೆ ಬಂದರೆ ಅವಳನ್ನೂ ಹೀಗೇ ಕೇಳುತ್ತಾನೋ ಏನೋ ಎಂದು ತಾಹೇರಾ ಅಂದಳು. ದುರ್ಗದಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆ, ತನ್ನ ಅಕ್ಕ ನಸೀಬಾಳ ಮನೆಯ ಹತ್ತಿರವೇ, ತನಗೆ ವಾಸಿಯಾದದ್ದು ಅವರ ಕೈಯಲ್ಲೇ ಎಂದಳು. ಜುಂಜಮ್ಮ ಹಿಂದೆ ಮುಂದೆ ನೋಡಿದಳು. ದುರ್ಗಕ್ಕೆ ಅವಳು ಹೋದದ್ದು ಮದುವೆಯ ಸೀರೆ ತರುವಾಗ ಮಾತ್ರ. ತಾಹೇರಾ ಕೂಸನ್ನೂ ಸೀಸೆಯನ್ನೂ ಗಂಡನ ಕೈಗೆ ಕೊಟ್ಟು ಬಂದು, ಹೋಗಾಣ ಬಾ, ಈಗ್ಲೇ ಹೋಗಾಣ ಎಂದು ಅವಳ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

ಆ ಡಾಕ್ಟರಮ್ಮ ಮೊದಲು ಬಾಗಿಲು ಹಾಕಿದರು. ಜುಂಜಮ್ಮನಿಗೆ ಅಷ್ಟರಲ್ಲೇ ಅರ್ಧ ಜೀವ ಬಂತು. ಮಲಗಿಸಿ, ನೋಡಲಾ ಎಂದು ಕೇಳಿ, ಹ್ಞೂ ಅಂದ ಮೇಲೆ ನೋಡಿದರು. ಮೂಗು ಮುಚ್ಚಿಕೊಳ್ಳಲಿಲ್ಲ. ಹೆಂಗಸರಲ್ಲಿ ಮುಕ್ಕಾಲು ಪಾಲು ಜನಕ್ಕೆ ಒಂದಲ್ಲ ಒಂದು ಸಲ ಬರುತ್ತದೆ ಎಂದರು. ರೊಟ್ಟಿಯನ್ನು ತೇವದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದಲ್ಲ, ಅಂಥದೇ ಒಂದು ಬೂಷ್ಟು ಇದು ಎಂದರು. ಯಾರೋ ಬಂದಿದ್ದರಿಂದ ಬಂದದ್ದಲ್ಲ, ಯಾರ ಪಾಪದಿಂದಲೂ ಬಂದದ್ದಲ್ಲ ಎಂದರು. ಹತ್ತಿಯಿಂದ ನೇರಳೆ ಬಣ್ಣದ ಔಷಧಿ ಬಳಿದರು. ಒಳಗೆ ಇಟ್ಟುಕೊಳ್ಳಲು ಹಳದಿ ಮಾತ್ರೆ ಕೊಟ್ಟರು. ನವೆ ನಿಂತಿತೆಂದು ಮಾತ್ರೆ ನಿಲ್ಲಿಸಬಾರದು, ಎಲ್ಲ ಮುಗಿಸಬೇಕು, ನಡುವೆ ಮುಟ್ಟಾದರೂ ಬಿಡಬಾರದು ಎಂದರು. ಉಪ್ಪುನೀರು ಬೇಡ, ಸೋಪು ಬೇಡ, ಅರಿಶಿನ ಬೇಡ, ಬರೀ ನೀರು ಸಾಕು. ವಾಸಿಯಾಗುವ ತನಕ ಗಂಡನನ್ನು ದೂರ ಇಡು.

ಆಮೇಲೆ ಮುಟ್ಟಿನ ಬಟ್ಟೆ ಎಲ್ಲಿ ಒಣಗಿಸುತ್ತೀಯ ಎಂದು ಕೇಳಿದರು. ಜುಂಜಮ್ಮ ಗುಡ್ಲಿನ ಸಂಗತಿ ಹೇಳಿದಳು. ಡಾಕ್ಟರಮ್ಮ ಕೈ ತೊಳೆದು ಬಂದು ಎದುರಿಗೆ ಕೂತರು.

"ಬಿಸಿಲಲ್ಲಿ ಒಣಗಿಸು. ತೇವದ ಬಟ್ಟೆ ಕಟ್ಕೊಂಡ್ರೆ ಇದು ಮತ್ತೆ ಬರುತ್ತೆ, ನಾನು ಎಷ್ಟು ಮಾತ್ರೆ ಕೊಟ್ರೂ ಬರುತ್ತೆ."

"ಬಿಸ್ಲಿಗೆ ಹಾಕಂಗಿಲ್ಲ ಕಣಮ್ಮ. ಗಂಡಸ್ರು ನೋಡ್ತಾರೆ."

"ನೋಡಿದ್ರೆ ಏನಾಗುತ್ತೆ?"

ಜುಂಜಮ್ಮ ಹೇಳಲು ಬಾಯಿ ತೆರೆದಳು. ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಕಂಗಿಲ್ಲ ಎಂಬುದು ಗೊತ್ತಿತ್ತು, ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಒರಗಿ ಅದನ್ನೇ ಯೋಚಿಸಿದಳು. ಗಂಡಸರು ಕುರುಡಾಗುತ್ತಾರಾ? ಆಗಿದ್ದರೆ ಇಷ್ಟು ಹೊತ್ತಿಗೆ ಒಬ್ಬನಾದರೂ ಆಗಿರುತ್ತಿದ್ದ.

ದುರ್ಗಕ್ಕೆ ಹೋಗಿಬಂದದ್ದನ್ನು ಅತ್ತೆಗೆ ಮಾತ್ರ ಹೇಳಿದಳು. ಔಷಧಿ ಹತ್ತಿತು. ಮೊದಲು ಉರಿ ಇಳಿಯಿತು, ಆಮೇಲೆ ನವೆ. ಒಂದು ಬೆಳಿಗ್ಗೆ ಉಚ್ಚೆಗೆ ಕೂತಾಗ ಹಲ್ಲು ಕಚ್ಚಲು ತಯಾರಾದಳು, ಕಚ್ಚಬೇಕಾಗಲಿಲ್ಲ. ಅಲ್ಲೇ ಗಿಡದ ಮರೆಯಲ್ಲಿ ಸುಮ್ಮನೆ ಕೂತೇ ಇದ್ದಳು. ಎದ್ದು ಹೋಗಲು ಮನಸ್ಸಾಗಲಿಲ್ಲ. ತನ್ನ ಮೈ ತನ್ನದಾಗಿ ಎಷ್ಟು ಕಾಲವಾಗಿತ್ತೋ. ಅವತ್ತು ಕಳೆ ಕೀಳುವಾಗ ಎಲ್ಲರಿಗಿಂತ ಮುಂದಿದ್ದಳು. ಸಂಜೆ ಹುಚ್ಚಕ್ಕ ಪಕ್ಕಕ್ಕೆ ಬಂದು ಕೂತಳು. ಎಲೆ ಅಡಿಕೆ ಮಡಿಸುತ್ತಾ ಯಾವುದೋ ಮಾತು ತೆಗೆದಳು, ಬಿಟ್ಟಳು. ಕೊನೆಗೆ ಕೇಳಿದಳು.

"ಆ ಡಾಕ್ಟ್ರಮ್ಮ ಅದು ಪಾಪದ್ದಲ್ಲ ಅಂದ್ಲಾ?"

ಅಲ್ಲವಂತೆ ಎಂದಳು ಜುಂಜಮ್ಮ. ಮುದುಕಿ ತಲೆಯಾಡಿಸಿದಳು. ಮಾರನೆಯ ದಿನ ಅದನ್ನೇ ಮತ್ತೆ ಕೇಳಿದಳು. ತಾನು ಹೊಸ ಸೊಸೆಯಾಗಿದ್ದಾಗ ಇದೇ ನವೆ ಬಂದು ವರ್ಷಗಟ್ಟಲೆ ಒದ್ದಾಡಿದ್ದನ್ನು ಆಗ ಹೇಳಿದಳು. ತವರಲ್ಲಿ ಏನು ಮಾಡಿ ಬಂದಿದ್ದೀಯೆ ಎಂದು ಅತ್ತೆ ದಿನವೂ ಹಂಗಿಸುತ್ತಿದ್ದಳಂತೆ. ಇರಬಹುದು, ತನಗೇ ಮರೆತಿರಬಹುದು ಎಂದು ಹುಚ್ಚಕ್ಕ ಇಷ್ಟು ವರ್ಷ ತಾನು ಮಾಡದ ತಪ್ಪನ್ನು ಹುಡುಕುತ್ತಲೇ ಇದ್ದಳು.

ಮಾತ್ರೆ ಇನ್ನೂ ಮುಗಿದಿರಲಿಲ್ಲ. ನೇರಳೆ ಔಷಧಿ ಸೀರೆಗೆ ಅಂಟಿತ್ತು. ಬಾವಿಕಟ್ಟೆಯಲ್ಲಿ ಬಗ್ಗಿದಾಗ ಅದನ್ನು ಯಾರೋ ಕಂಡರು. ಮಧ್ಯಾಹ್ನದೊಳಗೆ ಸುದ್ದಿ ಪಾಲಣ್ಣನಿಗೆ ಮುಟ್ಟಿತು. ಬಣ್ಣ ಯಾವುದಾದರೇನು, ಬಣ್ಣ ಕಂಡ ಮೇಲೆ ಸೂತಕವೇ, ಅದು ನಿಲ್ಲುವ ತನಕ ಬೇಲಿಯ ಹೊರಗೆ ಹೋಗಬೇಕು ಎಂದು ತೀರ್ಪಾಯಿತು. ಹಿಂದಿನ ದಿನವಷ್ಟೇ ಮಳೆ ಹೊಡೆದು ಗುಡ್ಲಿನಲ್ಲಿ ನೀರು ನಿಂತಿತ್ತು. ತೀರ್ಪನ್ನು ಹೊತ್ತು ತಂದವನು ಚಿತ್ತಪ್ಪ. ಸ್ವಲ್ಪ ದಿನ ತಾನೇ, ಹೋಗಿ ಕೂತ್ಕೊ, ಜಗಳ ಯಾಕೆ ಎಂದ. ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ, ಕಂಬ ನೋಡಿದ.

ಜುಂಜಮ್ಮ ನೇರ ಗುಡಿಯ ಮುಂದಿನ ಕಟ್ಟೆಗೆ ನಡೆದಳು. ಪಾಲಣ್ಣ ಹಿರಿಯರ ನಡುವೆ ಕೂತಿದ್ದ. ಅವಳು ಬಂದದ್ದು ಕಂಡು ಇಬ್ಬರು ಮೂವರು ಕಾಲು ಮೇಲೆತ್ತಿಕೊಂಡರು, ನೆಲದಲ್ಲಿ ಹಾವು ಹರಿದ ಹಾಗೆ.

"ಇದು ರಕ್ತ ಅಲ್ಲ ಮಾವ. ಔಷಧಿ. ದುರ್ಗದ ಡಾಕ್ಟ್ರಮ್ಮ ಕೊಟ್ಟಿರಾದು."

ಪಾಲಣ್ಣ ಅವಳತ್ತ ನೋಡದೆ ಪಕ್ಕದವನಿಗೆ ಹೇಳುವಂತೆ ಹೇಳಿದ. "ಎಂಥದಾರಾ ಆಗ್ಲಿ. ಅಲ್ಲಿಂದ ಬರಾದೆಲ್ಲ ಮೈಲಿಗೆನೇ."

"ನೀನೂ ಅಲ್ಲಿಂದ್ಲೇ ಬಂದೋನು."

ಜುಂಜಮ್ಮನ ದನಿ ಏರಲಿಲ್ಲ. ಏರಿಸುವಷ್ಟು ಬೆಲೆ ಆ ಮುಖಗಳಿಗೆ ಇದೆ ಎಂದು ಅವಳಿಗೆ ಅನಿಸಲಿಲ್ಲ.

"ಎಲ್ರೂ ಅಲ್ಲಿಂದ್ಲೇ ಬಂದೋರು. ಆ ಗುಡ್ಲಾಗಿನ ತೇವದಿಂದ್ಲೇ ನಂಗೆ ಈ ರೋಗ ಬಂದಿರಾದು. ಮತ್ತೆ ಅಲ್ಲಿಗೆ ಹೋಗಲ್ಲ. ಇವತ್ತೂ ಹೋಗಲ್ಲ, ಮುಟ್ಟಾದ್ರೂ ಹೋಗಲ್ಲ."

ಒಬ್ಬ ಹಿರಿಯ ಎದ್ದು ಕೂಗಾಡಿದ. ಇನ್ನೊಬ್ಬ ಚಿತ್ತಪ್ಪನನ್ನು ಕರೆದು, ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಲು ಬಾರದ ನೀನೆಂಥ ಗಂಡಸು ಎಂದು ಕೇಳಿದ. ಅವರು ಕೂಗಾಡುತ್ತಿದ್ದಂತೆಯೇ ಜುಂಜಮ್ಮ ಮನೆಗೆ ಹೋಗಿ ಕುಡುಗೋಲು ತಗೊಂಡು ಬೇಲಿ ದಾಟಿದಳು. ಅಂತೂ ಗುಡ್ಲಿಗೇ ಹೊರಟಳು ಎಂದು ಕಟ್ಟೆಯ ಮೇಲೆ ಕೆಲವರಿಗೆ ಸಮಾಧಾನವಾಯಿತು.

ಗುಡ್ಲಿಗೇ ಹೋದಳು. ಗರಿ ಬಿಗಿದಿದ್ದ ಕತ್ತಾಳೆ ಹುರಿಗೆ ಕುಡುಗೋಲು ಹಾಕಿದಳು. ಗರಿಗಳು ಕೊಳೆತು ಕಪ್ಪಾಗಿದ್ದವು, ಎಳೆದರೆ ಕೈಗೆ ಲೋಳೆ ಅಂಟುತ್ತಿತ್ತು. ಎಳೆದೆಳೆದು ಹಳ್ಳಕ್ಕೆ ಎಸೆದಳು. ಗರಿಯ ಸಂದಿಗಳಿಂದ ಯಾರು ಯಾರದೋ ಹಳೆಯ ಬಟ್ಟೆ ಚೂರುಗಳು ಬಿದ್ದವು. ಬೂಷ್ಟು ಹಿಡಿದು ಹಸಿರಾಗಿದ್ದವು. ಗೂಟ ಅಲುಗಾಡಿಸಿ ಕಿತ್ತಳು. ತೋಳು ನೊಂದಿತು, ಅಂಗೈಯ ಚರ್ಮ ಕಿತ್ತು ರಕ್ತ ಬಂತು. ಬೇಲಿಯ ಒಳಗಿನಿಂದ ಹೆಂಗಸರು ನೋಡುತ್ತಿದ್ದರು. ಯಾರೂ ಹತ್ತಿರ ಬರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಪೂರ್ತಿ ನೆಲಸಮವಾದ ಮೇಲೆ ಅವಳು ಮನೆಗೆ ಬಂದು, ಮುಟ್ಟಿನ ಬಟ್ಟೆಗಳನ್ನು ಒಳ್ಳೆಯ ನೀರಿನಲ್ಲಿ ಒಗೆದು, ಹಟ್ಟಿಯ ಬೇಲಿಯ ಮೇಲೆ ಉರಿಬಿಸಿಲಿಗೆ ಹರವಿದಳು.

ಅವತ್ತು ಹಟ್ಟಿಯ ಗಂಡಸರು ಪಟ್ಟ ಪಾಡು ನೋಡಬೇಕಿತ್ತು. ಈಯುವ ಕುರಿಯ ಹೊಟ್ಟೆಯೊಳಕ್ಕೆ ಮೊಣಕೈ ತನಕ ಕೈ ಹಾಕಿ ಮರಿ ಎಳೆಯುವವರು, ಅದೇ ಕೈಯನ್ನು ಹುಲ್ಲಿಗೆ ಒರೆಸಿ ಮುದ್ದೆ ಮುರಿಯುವವರು, ಒಗೆದ ಬಟ್ಟೆಯ ನಾಲ್ಕು ಚೂರು ಕಂಡು ಮುಖ ಮುಚ್ಚಿಕೊಂಡು ಸುತ್ತುದಾರಿ ಹಿಡಿದರು. ಪಾಲಣ್ಣ ಗುಡಿಯಿಂದ ಮನೆಗೆ ಬರಲು ರೊಪ್ಪದೊಳಗೆ ನುಸುಳಿ, ಹಿಕ್ಕೆ ತುಳಿದುಕೊಂಡು ಬಂದ.

ದಂಡ ಹಾಕಿದರು. ಜುಂಜಮ್ಮ ಕೊಡಲಿಲ್ಲ. ಅವಳ ಮನೆಗೆ ಯಾರೂ ಬೆಂಕಿ ಕೊಡಬಾರದು, ಬಾವಿಯಲ್ಲಿ ನೀರು ಸೇದಲು ಬಿಡಬಾರದು ಎಂದರು. ಹುಚ್ಚಕ್ಕ ಬಾವಿಕಟ್ಟೆಗೆ ಹೋಗಿ ತಾನೇ ಸೇದಿಕೊಂಡು ಬಂದಳು. ಮುದುಕಿಯ ಕೈಯಿಂದ ಹಗ್ಗ ಕಿತ್ತುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಚಿತ್ತಪ್ಪ ಕುರಿ ಹೊಡೆದುಕೊಂಡು ಹೊಸದುರ್ಗದ ಕಡೆ ಹೊರಟುಬಿಟ್ಟ. ಕುರಿ ಮೇಯಿಸಲು ಅವನಿಗೆ ಹಿಂದೆಂದೂ ಇಷ್ಟು ಅವಸರವಿರಲಿಲ್ಲ. ಜುಂಜಮ್ಮ ಮಾತ್ರೆ ಮುಗಿಸಿದಳು. ತಿಂಗಳಿಗೆ ಸರಿಯಾಗಿ ಮುಟ್ಟಾದಳು. ಒಣಗಿದ, ಬಿಸಿಲಿನ ವಾಸನೆಯ ಬಟ್ಟೆ ಕಟ್ಟಿಕೊಂಡು ತನ್ನ ಮನೆಯ ಪಡಸಾಲೆಯಲ್ಲೇ ಮಲಗಿದಳು. ಹಟ್ಟಿಯಲ್ಲಿ ಯಾರೂ ಕುರುಡಾಗಲಿಲ್ಲ. ಕುರಿಗಳೂ ಸಾಯಲಿಲ್ಲ.

ಹಿರಿಯರಿಗೆ ಅದಕ್ಕಿಂತ ದೊಡ್ಡ ತಲೆನೋವು ಬೇರೆಯೇ ಇತ್ತು. ಗುಡ್ಲು ಮತ್ತೆ ಏಳಬೇಕು. ಆದರೆ ಅದರ ಗೂಟವನ್ನಾಗಲಿ ಗರಿಯನ್ನಾಗಲಿ ಗಂಡಸು ಮುಟ್ಟುವಂತಿಲ್ಲ. ಮುಟ್ಟಿದರೆ ಗುಡಿಯ ಹೊಸ್ತಿಲು ತುಳಿಯುವಂತಿಲ್ಲ. ಅವರೇ ಮಾಡಿದ ಕಟ್ಟಳೆ. ಪ್ರತಿ ವರ್ಷ ಅದನ್ನು ಕಟ್ಟಿಕೊಂಡು ಬಂದವರು ಹೆಂಗಸರು, ತಮ್ಮ ಕೈಯಾರೆ. ಈಗ ಹೆಂಗಸರಿಗೆಲ್ಲ ಒಮ್ಮೆಲೇ ಕೆಲಸ ಜಾಸ್ತಿಯಾಗಿತ್ತು. ಒಬ್ಬಳಿಗೆ ಕಳೆ, ಒಬ್ಬಳಿಗೆ ಮಗುವಿನ ಜ್ವರ, ಒಬ್ಬಳಿಗೆ ತವರಿನಲ್ಲಿ ತಿಥಿ. ಗರಿ ಹಳ್ಳದಲ್ಲಿ ಬಿದ್ದಲ್ಲೇ ಬಿದ್ದಿತ್ತು.

ಕೊನೆಗೆ ಪಾಲಣ್ಣನೇ ಹುಚ್ಚಕ್ಕನ ಬಾಗಿಲಿಗೆ ಬಂದ. ಹಟ್ಟಿಯ ಹೆಂಗಸರಲ್ಲಿ ಹಿರಿಯಳು ಅವಳು. ತನ್ನ ಸೊಸೆ ಜಯಕ್ಕ ಇವತ್ತು ಹೊರಗಾಗಿದ್ದಾಳೆ, ಅವಳನ್ನು ಎಲ್ಲಿ ಕೂರಿಸುವುದು, ಮುಗಿಲು ಬೇರೆ ಕವಿದಿದೆ, ಹೊತ್ತು ಮುಳುಗುವುದರೊಳಗೆ ಹೆಂಗಸರನ್ನು ಕರೆದುಕೊಂಡು ಹೋಗಿ ಗುಡ್ಲು ಎಬ್ಬಿಸಿಬಿಡು ಎಂದ. ಅಂಗಳದಲ್ಲಿ ದೂರವೇ ನಿಂತಿದ್ದ. ದನಿ ಮೊದಲಿಗಿಂತ ಮೆತ್ತಗಿತ್ತು.

ಹುಚ್ಚಕ್ಕ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ನನ್ ಸೊಂಟ ನೋಯ್ತೈತೆ ಕಣೋ ಪಾಲಣ್ಣ. ಬೇಕಂದ್ರೆ ನೀನೇ ಕಟ್ಕ."

ಮುದುಕಿ ಅಂಗಳದ ಆಚೆಗೆ ಎಲೆಯ ರಸ ಉಗಿದಳು. ಅವನು ಹೊರಟುಹೋದ.

ಸಂಜೆ ಮಳೆ ಹಿಡಿಯಿತು. ಜಯಕ್ಕ ಮಾವನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಕಾಲು ಪೂರ್ತಿ ಚಾಚಿ ಮಲಗಿದಳು. ಪಾಲಣ್ಣ ಕಂಬಳಿ ಕೊಪ್ಪೆ ಹಾಕಿಕೊಂಡು, ತನ್ನ ಮನೆಯ ಹೊಸ್ತಿಲು ದಾಟಿ ಹೊರಗೆ ಮಲಗಲು ಹೋದ.